ಅಣುದುರಂತದ ಸ್ಥಳದಲ್ಲಿ ಪ್ರವಾಸಿಯ ಹೊಣೆ

ಪ್ರವಾಸವೆಂದರೆ ಪುಣ್ಯಕ್ಷೇತ್ರ, ಗಿರಿಧಾಮ, ಕಡಲತೀರ ಎಂದಷ್ಟೇ ತಿಳಿದಿದ್ದ ಕಾಲ ಹಿಂದಾಯಿತು. ಮಾನವನ ಮಹಾಪ್ರಮಾದಗಳು ಘಟಿಸಿದ ಸ್ಥಳಗಳೂ ಈಗ ಪ್ರೇಕ್ಷಣೀಯ ಸ್ಥಳಗಳ ಸಾಲಿನಲ್ಲಿ ಸೇರಿವೆ. ಉಕ್ರೇನಿನ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದ ಸುತ್ತಣ ನಿಷೇಧಿತ ಪ್ರದೇಶವನ್ನು ಅಲ್ಲಿಯ ಸರ್ಕಾರವು 2011ರಲ್ಲಿ ಪ್ರವಾಸಿಗಳಿಗೆ ವಿಧಿವತ್ತಾಗಿ ತೆರೆಯಿತು. 2019ರ ಒಂದೇ ವರ್ಷದಲ್ಲಿ ಲಕ್ಷಕ್ಕೂ ಮಿಕ್ಕ ಮಂದಿ ಅದನ್ನು ನೋಡಿ ಬಂದರು. 2022ರ ಯುದ್ಧವು ಆ ಪ್ರವಾಸಕ್ಕೆ ತಡೆಯೊಡ್ಡಿತಾದರೂ ಪ್ರಶ್ನೆಯು ಮುಗಿದಿಲ್ಲ. ಜಪಾನಿನ ಫುಕುಷಿಮಾ ಪ್ರಾಂತದಲ್ಲಿ 2011ರ ದುರಂತವನ್ನು ಕುರಿತ ಸ್ಮಾರಕ ವಸ್ತುಸಂಗ್ರಹಾಲಯವು 2020ರಲ್ಲಿ ಆರಂಭವಾಗಿದ್ದು, ಅಲ್ಲಿಗೂ ಸಂದರ್ಶಕರು ಹೋಗುತ್ತಿದ್ದಾರೆ. ಇಂಥ ಸ್ಥಳಗಳಲ್ಲಿ ವಿಧಿಸುವ ನಿಯಮಗಳು ಪ್ರವಾಸಿಯ ಶರೀರರಕ್ಷಣೆಗೆ ಮಾತ್ರ ಎಂಬ ಭಾವನೆ ಸಾಮಾನ್ಯವಾಗಿದೆ. ಅದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ.

1986ನೆಯ ಏಪ್ರಿಲ್ 26ರ ರಾತ್ರಿ ಚೆರ್ನೋಬಿಲ್ಲಿನ ನಾಲ್ಕನೆಯ ರಿಯಾಕ್ಟರು ಸ್ಫೋಟಗೊಂಡಿತು. ಬೆಂಕಿಯಾರಿಸಲು ಧಾವಿಸಿದ ಅಗ್ನಿಶಾಮಕ ದಳದವರಲ್ಲಿಯೂ ಸ್ಥಾವರದ ಕೆಲಸಗಾರರಲ್ಲಿಯೂ 28 ಮಂದಿ ತೀವ್ರ ವಿಕಿರಣದಿಂದ ಕೆಲವೇ ತಿಂಗಳುಗಳಲ್ಲಿ ಅಸುನೀಗಿದರು. ಸಮೀಪದ ಪ್ರಿಪ್ಯಾತ್ ನಗರದ ಸುಮಾರು 49 ಸಾವಿರ ನಿವಾಸಿಗಳು ಮರುದಿವಸವೇ ಮನೆಮಠಗಳನ್ನು ತೊರೆದು ಹೊರಟರು. ಅವರು ಮತ್ತೆ ಅಲ್ಲಿ ಒಕ್ಕಲಾಗಲಿಲ್ಲ. ಅಂದು ಹೊರಬಿದ್ದ ವಸ್ತುಗಳಲ್ಲಿ ಅಯೋಡಿನ್-131 ಎಂಬುದು ಎಂಟು ದಿವಸಗಳಿಗೊಮ್ಮೆ ಅರ್ಧವಾಗುತ್ತ ಬಂದು ಎಂದೋ ಇಲ್ಲವಾಗಿದೆ. ಸೀಸಿಯಂ-137 ಅರ್ಧವಾಗಲು ಮೂವತ್ತು ವರ್ಷಗಳು ಬೇಕು. ಅದು ಮಣ್ಣಿನಲ್ಲಿ, ಪಾಚಿಯಲ್ಲಿ, ಅಣಬೆಯಲ್ಲಿ ಇಂದಿಗೂ ನೆಲೆಸಿದೆ.

ಹಾಗಾದರೆ ಅಲ್ಲಿಗೆ ಕಾಲಿಟ್ಟವನಿಗೆ ಮರಣವೇ ಗತಿಯೇ? ಖಂಡಿತವಾಗಿಯೂ ಅಲ್ಲ. ವಿಕಿರಣದಿಂದ ಶರೀರಕ್ಕೊದಗುವ ಪೆಟ್ಟನ್ನು ಸೀವರ್ಟ್ ಎಂಬ ಮಾನದಿಂದ ಗಣಿಸುತ್ತಾರೆ. ನೆಲ, ಆಕಾಶ, ಅನ್ನಗಳಿಂದ ಪ್ರತಿಯೊಬ್ಬನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟಿನಷ್ಟು ವಿಕಿರಣ ಸ್ವಾಭಾವಿಕವಾಗಿಯೇ ತಗಲುತ್ತದೆ. ಗೊತ್ತುಪಡಿಸಿದ ಹಾದಿಯಲ್ಲಿ ಒಂದು ದಿವಸ ಚೆರ್ನೋಬಿಲ್ ಸುತ್ತಿದವನಿಗೆ ತಗಲುತ್ತಿದ್ದುದು ಕೆಲವೇ ಮೈಕ್ರೋಸೀವರ್ಟು, ಅಂದರೆ ಮಿಲಿಸೀವರ್ಟಿನ ಸಾವಿರದ ಕೆಲವು ಪಾಲು. ಕೆಲವು ತಾಸುಗಳ ವಿಮಾನಯಾನದಲ್ಲಿಯೂ ಅಷ್ಟೇ ತಗಲುತ್ತದೆ. ಆದುದರಿಂದ ಅತಿಯಾದ ಭೀತಿಗೆ ಆಧಾರವಿಲ್ಲ.

ನಿಜವಾದ ಅಪಾಯವಿರುವುದು ಧೂಳಿನಲ್ಲಿ. ಹೊರಗಿನಿಂದ ಬೀಳುವ ಕಿರಣವು ಸ್ಥಳ ಬಿಟ್ಟೊಡನೆ ನಿಲ್ಲುತ್ತದೆ. ಉಸಿರಿನೊಡನೆಯೋ ತುತ್ತಿನೊಡನೆಯೋ ಒಳಹೊಕ್ಕ ಕಣವು ನಮ್ಮೊಡನೆಯೇ ಮನೆಗೆ ಬರುತ್ತದೆ. ತುಂಬುತೋಳಿನ ಅಂಗಿ, ಮುಚ್ಚಿದ ಪಾದರಕ್ಷೆ ಧರಿಸತಕ್ಕದ್ದು. ಬಯಲಿನಲ್ಲಿ ತಿನ್ನಕೂಡದು, ಧೂಮಪಾನ ಮಾಡಕೂಡದು. ನೆಲದ ಮೇಲೆ ಕೂಡ್ರಕೂಡದು, ಚೀಲವನ್ನಿಡಕೂಡದು. ಏನನ್ನೂ ಮುಟ್ಟಕೂಡದು, ಏನನ್ನೂ ಒಯ್ಯಕೂಡದು ಎಂಬ ಕಟ್ಟಳೆಗಳೆಲ್ಲ ಇದಕ್ಕಾಗಿಯೇ. ಹೊರಬರುವ ಪ್ರತಿಯೊಬ್ಬನನ್ನೂ ಮಾಪಕಯಂತ್ರದಲ್ಲಿ ನಿಲ್ಲಿಸಿ ಪರೀಕ್ಷಿಸುತ್ತಿದ್ದರು. ಸ್ಥಾವರದ ಊಟದ ಸಾಲೆಯ ಬಾಗಿಲಲ್ಲಿಯೂ ಅಂಥ ಯಂತ್ರವಿತ್ತು.

ಈ ಮಾತಿನ ಮರ್ಮ ನಮ್ಮ ಹೋಟೆಲ್ ಬಾಂಧವರಿಗೆ ಬೇಗನೆ ತಿಳಿದೀತು. ಲೋಟ ಹೊಳೆಯುತ್ತದೆಂದ ಮಾತ್ರಕ್ಕೆ ಶುದ್ಧವಾಯಿತೆಂದು ಅಡಿಗೆಮನೆಯಲ್ಲಿ ದುಡಿದವನು ಯಾವನೂ ನಂಬಲಾರನು. ಕಾಣದ ಕೊಳೆಗೆ ಶಿಸ್ತೊಂದೇ ಮದ್ದು.

ಇನ್ನು, ಈ ಶಿಸ್ತು ಯಾರಿಗಾಗಿ? ಅಂದು ಬೆಂಕಿಯಾರಿಸಿದವರು ಕಳಚಿದ ಉಡುಪುಗಳು ಪ್ರಿಪ್ಯಾತಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ದಶಕಗಳ ತರುವಾಯವೂ ಪ್ರಬಲವಾದ ವಿಕಿರಣವನ್ನು ಸೂಸುತ್ತಿದ್ದುವು. ಕೆಲವು ಸಂದರ್ಶಕರು ಸಾಹಸವೆಂದು ಬಗೆದು ಅಲ್ಲಿಗೂ ನುಗ್ಗಿದ್ದುಂಟು. ಅಲ್ಲಿಂದ ತಂದ ಒಂದು ತುಂಡು ಬಟ್ಟೆ ಎಲ್ಲಿಗೆ ಹೋಗುತ್ತದೆ? ಪ್ರವಾಸಿಯ ಚೀಲಕ್ಕೆ. ಆ ಚೀಲವನ್ನು ಹೊರುವವನು ಕೂಲಿ. ಆ ಕೋಣೆಯನ್ನು ಗುಡಿಸುವವನು ಹೋಟೆಲಿನ ಹುಡುಗ. ಆ ಅಂಗಿಯನ್ನು ಒಗೆಯುವವನು ಅಗಸ. ಅಪಾಯವನ್ನು ತಂದವನಿಗೆ ಅದರ ಅರಿವಾದರೂ ಉಂಟು. ಇವರಿಗೆ ಅದೂ ಇಲ್ಲ.

ಇದು ಕೇವಲ ಊಹೆಯಲ್ಲವೆಂಬುದಕ್ಕೆ ದೆಹಲಿಯ ಮಾಯಾಪುರಿಯೇ ಸಾಕ್ಷಿ. 2010ರಲ್ಲಿ, ಸಂಶೋಧನೆಗೆ ಬಳಸಿ ಮೂಲೆಗೊತ್ತಿದ್ದ ಯಂತ್ರವೊಂದು ಗುಜರಿಯಾಗಿ ಅಲ್ಲಿಗೆ ಬಂದಿತು. ಅದರ ಗರ್ಭದಲ್ಲಿ ಕೋಬಾಲ್ಟ್-60 ಇತ್ತು. ಅದನ್ನು ಒಡೆದವರು ದಿನಗೂಲಿಯ ಕೆಲಸಗಾರರು. ಅವರಲ್ಲೊಬ್ಬನು ಸತ್ತನು, ಹಲವರು ತೀವ್ರ ಅಸ್ವಸ್ಥರಾದರು. ವಸ್ತುವಿನ ಗುಣವನ್ನು ಬಲ್ಲವರು ಕೈಬಿಟ್ಟುದನ್ನು, ಅರಿಯದವರು ಕೈಯಲ್ಲಿ ಹಿಡಿದರು.

ಮಾರ್ಗದರ್ಶಕನ ಪಾಡನ್ನೂ ನೆನೆಯಬೇಕು. ಪ್ರವಾಸಿಯು ಒಂದು ದಿವಸದ ಅತಿಥಿ. ಮಾರ್ಗದರ್ಶಕನೂ ವಾಹನಚಾಲಕನೂ ಅದೇ ನೆಲವನ್ನು ನೂರಾರು ಸಲ ತುಳಿಯತಕ್ಕವರು. ಜನಸಾಮಾನ್ಯರಿಗೆ ವರ್ಷಕ್ಕೆ ಒಂದು ಮಿಲಿಸೀವರ್ಟು, ವಿಕಿರಣದ ನಡುವೆ ದುಡಿಯುವವರಿಗೆ ಸರಾಸರಿ ಇಪ್ಪತ್ತು ಎಂಬುದು ಅಂತರರಾಷ್ಟ್ರೀಯ ಮಿತಿ. “ಇನ್ನೊಂದಿಷ್ಟು ಹತ್ತಿರ ಕರೆದೊಯ್ಯಿರಿ” ಎಂದು ಬಕ್ಷೀಸಿನ ಆಸೆ ತೋರಿಸುವ ಪ್ರವಾಸಿಯು ತನ್ನ ಲೆಕ್ಕಕ್ಕೆ ಸೇರಿಸುವುದು ಅತ್ಯಲ್ಪ. ಬಡವನ ಲೆಕ್ಕ ಮಾತ್ರ ದಿನದಿನಕ್ಕೆ ಬೆಳೆಯುತ್ತದೆ. ಹಣ ಕೊಟ್ಟ ಗಿರಾಕಿಗೆ ‘ಆಗದು’ ಎನ್ನುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಒಬ್ಬನ ಪಾದರಕ್ಷೆಗೆ ಅಂಟಿದ ಧೂಳಿನಿಂದ ಲೋಕವೇನು ಮುಳುಗೀತು ಎಂದು ಕೆಲವರು ಕೇಳಬಹುದು. ಒಬ್ಬನದು ನಗಣ್ಯವೆಂಬುದು ನಿಜ. ಲಕ್ಷ ಮಂದಿಯೂ ಹಾಗೆಯೇ ತರ್ಕಿಸಿದರೆ ಕಟ್ಟಳೆಯ ಗತಿಯೇನು? ಅಂಥ ಸ್ಥಳಗಳನ್ನು ಮುಚ್ಚಿಬಿಡಬೇಕೆಂದು ನಾವು ಹೇಳುವುದಿಲ್ಲ. ಚೆರ್ನೋಬಿಲ್ಲಿನ ಶುದ್ಧೀಕರಣಕ್ಕೆ ದುಡಿದ ಸುಮಾರು 6 ಲಕ್ಷ ಮಂದಿಯ ಶ್ರಮವನ್ನು ಜಗತ್ತು ಕಣ್ಣಾರೆ ಕಂಡು ಪಾಠ ಕಲಿಯುವುದು ಉಚಿತವೇ ಆಗಿದೆ. ಆದರೆ ಹೋಗುವವರು ಯಾತ್ರಿಕನ ವಿನಯದಿಂದ ಹೋಗಲಿ; ಬರಿಗೈಯಲ್ಲಿ ಹಿಂದಿರುಗಲಿ. ದೂರದೇಶಗಳಲ್ಲಿ ದುಡಿಯುವ ನಮ್ಮ ತರುಣರಿಗೂ ಒಂದು ದಿವಸ ಆ ಅವಕಾಶ ಒದಗಬಹುದು. ತಾವು ನಡೆದುಹೋದ ಮೇಲೆ ಆ ನೆಲವನ್ನು ಗುಡಿಸುವವನೊಬ್ಬನಿದ್ದಾನೆಂಬುದನ್ನು ಅವರು ಮರೆಯದಿರಲಿ.