ಕುಂಟೆಯ ಹಸಿರು ಹೇಳುವ ಮಾತು

ಬೇಸಿಗೆಯಲ್ಲಿ ನೀರು ತಗ್ಗಿದಾಗ ಕುಂಟೆಗಳ, ಅಂದರೆ ಪುಟ್ಟ ಕೆರೆಗಳ, ಮೇಲೆ ಹಸಿರು ಕೆನೆ ಕಟ್ಟುವುದು ತೆಲಂಗಾಣದ ಕೊತ್ತಪಲ್ಲಿಯಂಥ ಊರಿನವರಿಗೆ ಹೊಸದಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಕುಂಟೆಯೆಂದರೆ ದನಕರುಗಳ ಕುಡಿಯುವ ನೀರು, ಬಾವಿಗಳ ಒರತೆ. ಆ ಹಸಿರನ್ನು ಕಡೆಗಣಿಸಬಾರದು.

ಪಾಚಿಯೆಲ್ಲ ಕೆಟ್ಟದ್ದಲ್ಲ. ಅದು ನೀರಿಗೆ ಆಮ್ಲಜನಕ ಕೊಡುತ್ತದೆ, ಮೀನಿನ ಆಹಾರ ಸರಪಳಿಗೆ ಬುಡವಾಗುತ್ತದೆ. ಆದರೆ ಹೊಲದ ಗೊಬ್ಬರ, ಬಚ್ಚಲು ನೀರು ಹರಿದು ಬಂದು ರಂಜಕ, ಸಾರಜನಕ ಹೆಚ್ಚಾದರೆ ಮೈಕ್ರೊಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿ ಮೇಲುಗೈ ಸಾಧಿಸುತ್ತದೆ. ಅದರ ಕೆಲವು ಬಗೆಗಳು ಯಕೃತ್ತಿಗೆ ಹಾನಿ ಮಾಡುವ ವಿಷ ಬಿಡುತ್ತವೆ.

ಪಾಚಿ ಹೆಚ್ಚುತ್ತಿದೆಯೇ ಎಂದು ತಿಳಿಯಲು ಹಳೆಯ ಲೆಕ್ಕ ಬೇಕು. ದೂರದ ಅಲಾಸ್ಕಾದಲ್ಲಿ, ಆಗ ಬ್ಯಾರೋ ಎಂದು ಕರೆಯುತ್ತಿದ್ದ ಊರಿನ ಬಳಿ, ವರ್ಷದ ಬಹುಭಾಗ ಹೆಪ್ಪುಗಟ್ಟಿರುವ ಪುಟ್ಟ ಹೊಂಡಗಳನ್ನು ವಿಜ್ಞಾನಿಗಳು 1970ರ ದಶಕದಲ್ಲಿ ಅಳೆದರು. ಸುಮಾರು 40 ವರ್ಷದ ಬಳಿಕ ಮತ್ತೆ ನೋಡಿದಾಗ ನೀರು ಬೆಚ್ಚಗಾಗಿತ್ತು, ಪೋಷಕಾಂಶ ಏರಿತ್ತು, ಪಾಚಿಯೂ ಹೆಚ್ಚಿತ್ತು. ಹಳೆಯ ಲೆಕ್ಕ ಇದ್ದುದರಿಂದಲೇ ಬದಲಾವಣೆ ಕಂಡಿತು.

ನಮ್ಮಲ್ಲೂ ಅಂಥ ಲೆಕ್ಕ ಬೇಕು. ತೆಲಂಗಾಣ ಸರ್ಕಾರ 2015ರಲ್ಲಿ ಮಿಷನ್ ಕಾಕತೀಯ ಯೋಜನೆ ಆರಂಭಿಸಿ ಕೆರೆಗಳ ಹೂಳೆತ್ತಿತು. ಹೂಳಿನಷ್ಟೇ ನೀರಿನ ಗುಣಕ್ಕೂ ಗಮನ ಬೇಕು. ಪ್ರತಿ ಕುಂಟೆಯ ನೀರಿನ ಬಣ್ಣ, ವಾಸನೆ, ಮಟ್ಟವನ್ನು ಶಾಲಾ ಮಕ್ಕಳು ತಿಂಗಳಿಗೊಮ್ಮೆ ಬರೆದಿಡಲಿ. ಪಂಚಾಯಿತಿ ಬಚ್ಚಲು ನೀರನ್ನು ಬೇರೆಡೆ ತಿರುಗಿಸಲಿ. ರೈತರು ನೀರು ಹರಿದು ಬರುವ ಅಂಚಿನಲ್ಲಿ ಹುಲ್ಲಿನ ಪಟ್ಟಿ ಉಳಿಸಲಿ. ದಟ್ಟ ಹಸಿರು ಕೆನೆ ಕಂಡ ದಿನ ದನಗಳನ್ನು ಅತ್ತ ಬಿಡಬೇಡಿ.

ಕುಂಟೆ ಬತ್ತಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ಕೆಡುವುದನ್ನು ಮೊದಲು ಹೇಳುವುದು ಪಾಚಿ. ಆ ಮಾತನ್ನು ಕೇಳಿಸಿಕೊಳ್ಳೋಣ.