ನಾಣ್ಯವೂ ಅದರ ಚೀಟಿಯೂ

ಹಳೆಯ ನಾಣ್ಯಗಳನ್ನು ಸಂಗ್ರಹಿಸುವ ಹವ್ಯಾಸವು ವಿದ್ಯಾರ್ಥಿಗಳಲ್ಲಿ ಬೆಳೆಯತಕ್ಕದ್ದೆಂಬುದು ನಮ್ಮ ಅಭಿಮತ. ಆದರೆ ನಾಣ್ಯವನ್ನು ಮಾತ್ರ ಜೋಪಾನವಾಗಿಟ್ಟು, ಅದು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ವೃತ್ತಾಂತವನ್ನು ಕಳೆದುಕೊಳ್ಳುವವನು ಅರ್ಧ ಸಂಗ್ರಾಹಕನೇ ಸರಿ.

ಅಮೇರಿಕವು ಇಂಗ್ಲೆಂಡಿನ ವಸಾಹತಾಗಿದ್ದ ಕಾಲದಲ್ಲಿ, 1652ರಲ್ಲಿ, ಬೋಸ್ಟನ್ ನಗರದ ಜಾನ್ ಹಲ್ ಎಂಬವರ ಟಂಕಸಾಲೆಯಲ್ಲಿ ಬೆಳ್ಳಿಯ ನಾಣ್ಯಗಳು ಅಚ್ಚಾದುವು. ಅವುಗಳಲ್ಲಿ ಮೂರು ಪೆನ್ನಿಯ ಒಂದು ಪುಟ್ಟ ನಾಣ್ಯವು 2016ರಲ್ಲಿ ನೆದರ್‌ಲೆಂಡ್ಸ್ ದೇಶದ ಹಳೆಯ ಕಪಾಟೊಂದರಲ್ಲಿ ದೊರೆಯಿತು. ಅದರಲ್ಲಿರುವ ಬೆಳ್ಳಿಯ ಬೆಲೆ 2024ರಲ್ಲಿ ಒಂದು ಡಾಲರಿನಷ್ಟಿತ್ತು. 2024ರ ನವೆಂಬರದ ಹರಾಜಿನಲ್ಲಿ ಅದಕ್ಕೆ ಬಂದುದು 25 ಲಕ್ಷ ಡಾಲರಿಗೂ ಮಿಕ್ಕಿದ ಬೆಲೆ! ಇದಕ್ಕೆ ಮುಖ್ಯ ಕಾರಣ ಅದರ ವಿರಳತೆ. ಆದರೆ ಅದರ ಪೂರ್ವಚರಿತ್ರೆಗೆ ದಾರಿ ತೋರಿದುದು ಜೊತೆಯಲ್ಲಿದ್ದ ಒಂದು ಬರಹ. 1798ರ ಡಿಸೆಂಬರದಲ್ಲಿ ಬರೆದ ಆ ಬರಹದಲ್ಲಿ, ಇದು ಏನೆಂದು ತಿಳಿಯದ ಬೆಳ್ಳಿಯ ಬಿಲ್ಲೆ, ಕ್ವಿನ್ಸಿ ಮನೆತನದಿಂದ ಬಂದುದು ಎಂಬರ್ಥದ ಮಾತಿದೆ. ಜಾನ್ ಹಲ್ಲರ ಪತ್ನಿಯೂ ಕ್ವಿನ್ಸಿ ಮನೆತನದವರೇ. ಬರೆದವರಿಗೆ ನಾಣ್ಯದ ಪರಿಚಯವಿರಲಿಲ್ಲ. ಆದರೂ ಅದು ಎಲ್ಲಿಂದ ಬಂದಿತೆಂಬುದನ್ನು ಬರೆದಿಟ್ಟರು. ಅವರು ಮಾಡಿದ ಉಪಕಾರ ಅಷ್ಟೇ, ಆದರೆ ಅದು ಅಲ್ಪವಲ್ಲ.

ದೂರದ ಮಾತು ಹಾಗಿರಲಿ. ನಮ್ಮ ಫೋರ್ಟಿನಲ್ಲಿಯೇ 1820ರ ದಶಕದಲ್ಲಿ ಕಟ್ಟಿದ ಟಂಕಸಾಲೆಯಿದೆ. 1835ರ ಕಾನೂನಿನ ಮೇರೆಗೆ ರೂಪಾಯಿಯ ತೂಕ ಒಂದು ತೊಲ. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಅಂದು ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದುವು. ಇಲ್ಲಿ ಅಚ್ಚಾದ ರೂಪಾಯಿ ಘಟ್ಟವೇರಿ ಆ ಊರುಗಳ ಸಂತೆಗಳಿಗೆ ಹೋಯಿತು. ಹೊಟ್ಟೆಪಾಡಿಗಾಗಿ ಬಂದವರ ಟ್ರಂಕುಗಳಲ್ಲಿ ಮರಳಿ ಮುಂಬಯಿಗೂ ಬಂದಿರಬಹುದು. ಈ ಪ್ರಯಾಣವನ್ನು ನಾಣ್ಯವು ತಾನಾಗಿ ಹೇಳಲಾರದು. ಅದರ ಮೇಲಿನ ಇಸವಿಯನ್ನೂ ಪೂರ್ತಿಯಾಗಿ ನಂಬುವಂತಿಲ್ಲ. 1862 ಎಂದು ಮುದ್ರೆಯಿದ್ದ ರೂಪಾಯಿಗಳು ಮುಂದೆ ಹಲವು ವರ್ಷ ಅದೇ ಇಸವಿಯಿಂದ ಅಚ್ಚಾದುವು. ಮುಂಬಯಿಯ ನಾಣ್ಯಗಳಲ್ಲಿ ನಿಜವಾದ ವರ್ಷದ ಗುರುತಾಗಿ ಸಣ್ಣ ಚುಕ್ಕೆಗಳನ್ನಿಟ್ಟರು.

ಇಂಥ ರೂಪಾಯಿಗಳು ಇಂದಿಗೂ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿವೆ. ಕಷ್ಟ ಬಂದಾಗ ಅವು ಬಡವರ ಆಪದ್ಧನ. ಔಷಧಕ್ಕೋ ಮಕ್ಕಳ ಶಾಲೆಯ ಶುಲ್ಕಕ್ಕೋ ಅವನ್ನು ಮಾರಿದವರನ್ನು ನಾವು ದೂಷಿಸಲಾರೆವು. ಆದರೆ ತಿಳಿದವರಿಗೆ ತೋರಿಸದೆ, ಬರಿಯ ಬೆಳ್ಳಿಯೆಂದು ತೂಗಿಸಿ ಅಕ್ಕಸಾಲೆಯ ಮೂಸೆಗೆ ಹಾಕಿಸುವುದು ಅವಿವೇಕ. ಕರಗಿದ ಬೆಳ್ಳಿಗೆ ಊರಿಲ್ಲ, ಹೆಸರಿಲ್ಲ.

ಆದುದರಿಂದ ವಿದ್ಯಾರ್ಥಿಗಳೇ, ಹಳೆಯ ನಾಣ್ಯವನ್ನು ಹುಣಿಸೆಹಣ್ಣಿನಿಂದ ತಿಕ್ಕಬೇಡಿರಿ; ಪದಕಕ್ಕಾಗಿ ತೂತು ಕೊರೆಯಿಸಬೇಡಿರಿ. ಊರಿನ ಹೊಲದಲ್ಲಿ ನಿಕ್ಷೇಪ ದೊರೆತರೆ 1878ರ ನಿಧಿ ಕಾನೂನಿನಂತೆ ಕಲೆಕ್ಟರರಿಗೆ ತಿಳಿಸತಕ್ಕದ್ದೆಂಬುದನ್ನೂ ಮರೆಯದಿರಿ. ಮನೆಯ ಪ್ರತಿಯೊಂದು ಹಳೆಯ ನಾಣ್ಯಕ್ಕೂ ಒಂದು ಚೀಟಿ ಮಾಡಿರಿ: ಕೊಟ್ಟವರಾರು, ಯಾವ ಊರಿನವರು, ಯಾವಾಗ ಕೊಟ್ಟರು. ಕನ್ನಡದಲ್ಲಿಯೇ ಬರೆಯಿರಿ. ನಾಣ್ಯವು ನೂರು ವರ್ಷ ಕಾಯಬಲ್ಲದು. ಅದರ ಕಥೆಯನ್ನು ಬಲ್ಲ ಅಜ್ಜ ಅಜ್ಜಿಯರು ಅಷ್ಟು ಕಾಲ ಇರಲಾರರು. ಈ ರಜೆಯಲ್ಲಿಯೇ ಅವರನ್ನು ಕೇಳಿರಿ.