ತಲೆಕೆಳಗೆ ತೂಗಾಕಿದ್ದು ತಪ್ಪಲ್ಲ, ನಟ್ಟು ನೋಡ್ದೆ ಇದ್ದಿದ್ದು ತಪ್ಪು

ಮೊದ್ಲೇ ಯೋಳ್ಬುಡ್ತೀನಿ, ಇದನ್ನ ಓದಿ ನಮ್ಮೋರಲ್ಲೇ ನಾಲ್ಕು ಜನ ಮುನಿಸ್ಕೊಂತೀರ. ಮುನಿಸ್ಕೊಳ್ಳಿ. ಮಗೀನ ಕಾಲಿಗೆ ಹಾಕಿದ ಆರು ಹೊಲಿಗೆ ಕಣ್ಣಾರೆ ನೋಡಿದ ಮ್ಯಾಲೆ ನಂಗಂತೂ ಸುಮ್ಕಿರಕ್ಕೆ ಆಗ್ತಿಲ್ಲ.

ಓದ ವರ್ಸ ಗಣೇಶನ ಹಬ್ಬದಾಗೆ ಚಿಂತಾಮಣೀಲಿ ನಮ್ಮ ಬೀದೀಲಿ ಆರ್ಕೆಸ್ಟ್ರಾ ಮಡಗಿದ್ರು. ಡ್ರಮ್ಸ್ ಬಾರಿಸ್ತಿದ್ದೋನು ನಮ್ಮ ಅಕ್ಕನ ಮಗ. ಅವ್ನು ಒಂದು ಕಬ್ಬಿಣದ ಪೈಪಿನ ರ‍್ಯಾಕ್ ತಂದು ಸುತ್ತಾ ನಿಲ್ಲಿಸಿ, ಅದ್ರಿಂದ ಒಂದು ಸಲಾಕೆ ಚಾಚಿ, ದೊಡ್ಡ ಚೈನಾ ಸಿಂಬಲ್ಲನ್ನ ಬೋರಲಾಗಿ ತೂಗಾಕಿದ್ದ. ಮೂರ್ನೇ ಹಾಡಿಗೆ ಅದು ಕಳಚ್ಕೊಂಡು, ಸ್ಟೇಜಿನ ಅಂಚಿಂದ ಉರುಳಿ, ಮುಂದೆ ಚಾಪೆ ಮ್ಯಾಲೆ ಕೂತಿದ್ದ ನನ್ನ ತಂಗಿ ಮಗಳ ಪಾದದ ಮ್ಯಾಲೆ ಬಿತ್ತು. ಒಂದೂವರೆ ಕೇಜಿ ತೂಕದ ಲೋಹ, ಅಂಚು ತೆಳ್ಳಗೆ ಇಳಿಗೆಮಣೆ ಇದ್ದಂಗೆ. ಮಗೀಗೆ ಏಳು ವರ್ಸ.

ಆಸ್ಪತ್ರೆಯಿಂದ ಬಂದ ರಾತ್ರೀಲಿಂದ ಶುರುವಾಯ್ತು ನೋಡಿ ಫೋನು. ಗೌರಿಬಿದನೂರಿನ ದೊಡ್ಡಮ್ಮ, "ಕಂಚಿನ ಸಾಮಾನು ಯಾರಾದ್ರೂ ಬೋರಲು ಹಾಕ್ತಾರೇನೇ? ಅಪಶಕುನ ಅದು" ಅಂದ್ರು. ಚಿಕ್ಕಬಳ್ಳಾಪುರದ ಅತ್ತಿಗೆ, "ಸ್ಟೈಲ್ ಮಾಡಕ್ಕೋಗಿ ಮಗೀನ ಕಾಲು ತೆಗೀತಿದ್ದ" ಅಂದ್ರು. ಶಿಡ್ಲಘಟ್ಟದ ಭಾವನೋರು ಒಂದೆಜ್ಜೆ ಮುಂದಕ್ಕೋಗಿ ಡ್ರಮ್ಮೇ ಮಾರಾಕು ಅಂತ ಅವನಿಗೆ ಆರ್ಡರ್ ಮಾಡಿದ್ರು. ಆರ್ಕೆಸ್ಟ್ರಾದ ಹುಡುಗ್ರನ್ನ ಕೇಳಿದ್ರೆ, "ಆಂಟಿ, ಇಂಗೆಲ್ಲ ಆಗ್ತಿರ್ತದೆ, ಏನ್ ಮಾಡಕ್ಕಾಗ್ತದೆ" ಅಂತಾರೆ. ಒಬ್ಬೊಬ್ಬರದೂ ಒಂದೊಂದು ಮಾತು. ಆದ್ರೆ ಅದು ಯಾಕೆ ಬಿತ್ತು ಅಂತ ಒಬ್ರೂ ಕೇಳಲಿಲ್ಲ ಕಣ್ರೇ!

ನಾನು ಕೇಳ್ದೆ. ಮಾರನೇ ದಿನ ಆ ಹುಡುಗನ್ನ ನಡುಮನೇಲಿ ಕೂರಿಸ್ಕೊಂಡು, ರ‍್ಯಾಕು ಸಿಂಬಲ್ಲು ಎಲ್ಲಾ ಮುಂದೆ ಹಾಕ್ಕೊಂಡು, ಒಂದೊಂದೇ ಕೇಳ್ದೆ. ಅವ್ನು ಅಳ್ತಾ ಅಳ್ತಾ ತೋರಿಸ್ದ. ಅಲ್ಲಿ ತಿಳಿದಿದ್ದು ಇಷ್ಟು.

ಬೋರಲು ಹಾಕೋದು ತಪ್ಪೇ ಅಲ್ಲ. ಮಾಮೂಲಿ ಸಿಂಬಲ್ಲಿನ ಅಂಚು ತಟ್ಟೆ ಬೋರಲಾಕಿದಂಗೆ ಕೆಳಕ್ಕೆ ಇಳಿದಿರ್ತದೆ. ಈ ಚೈನಾ ಸಿಂಬಲ್ಲಿನ ಅಂಚು ಮಾತ್ರ ಉಲ್ಟಾ ಮ್ಯಾಲಕ್ಕೆ ಮಡಚ್ಕೊಂಡಿರ್ತದೆ. ಅದನ್ನ ನೆಟ್ಟಗೆ ಮಡಗಿದ್ರೆ ಕಡ್ಡಿ ಓಗಿ ಮಡಚಿದ ಅಂಚಿಗೆ ಬಡೀತದೆ, ಕಡ್ಡೀನೂ ಚಕ್ಕೆ ಏಳ್ತದೆ, ಸಿಂಬಲ್ಲೂ ಸೀಳು ಬಿಡ್ತದೆ. ಬೋರಲಾಕಿದ್ರೆ ಆ ಮಡಚು ಕೆಳಕ್ಕೆ ತಿರುಗ್ತದೆ, ಕಡ್ಡಿ ನುಣ್ಣನೆ ಭುಜದ ಮ್ಯಾಲೆ ಕೂತ್ಕೊತದೆ. ಅದಕ್ಕೇ ಪ್ರಪಂಚದ ಎಷ್ಟೋ ಜನ ಡ್ರಮ್ಮರ್ರು ಅದನ್ನ ಬೋರಲೇ ಹಾಕೋದು. ಇದ್ರಾಗೆ ಶಕುನ ಎಲ್ಲಿ ಬಂತು ದೊಡ್ಡಮ್ಮ? ದೋಸೆ ಮಗುಚಾಕಿದ್ರೆ ಅಪಶಕುನ ಅಂತೀವಾ?

ಹಂಗಾದ್ರೆ ಬಿದ್ದಿದ್ದು ಯಾಕೆ? ಭಾರ ಎಲ್ಲಿ ಕೂರ್ತದೆ ಅಂತ ನೋಡ್ದೆ ಇದ್ದಿದ್ದಕ್ಕೆ. ಸ್ಟ್ಯಾಂಡಿನ ಮೊಳೆ ಮ್ಯಾಲಕ್ಕೆ ನೋಡ್ತಿದ್ರೆ ಸಿಂಬಲ್ಲಿನ ಭಾರವೆಲ್ಲ ಕೆಳಗಿನ ವಾಷರ್ ಮ್ಯಾಲೆ ಕೂರ್ತದೆ. ಮ್ಯಾಲಿನ ವಿಂಗ್ ನಟ್ಟು, ಎರಡು ಕಿವಿ ಇರ್ತದಲ್ಲ ಅದು, ಬರೀ ಹಾರೋಗ್ದಂಗೆ ತಡೀತದೆ. ಅದು ಒಂಚೂರು ಸಡ್ಲ ಆದ್ರೂ ತಟ್ಟೆ ಅಲ್ಲೇ ಇರ್ತದೆ. ಆದ್ರೆ ನಮ್ಮ ಹುಡ್ಗ ಮಾಡಿದ್ದು ಬ್ಯಾರೆ. ಜಾಗ ಸಾಲ್ಲಿಲ್ಲ ಅಂತ ರ‍್ಯಾಕಿನ ಸಲಾಕೇನೇ ಕೆಳಮುಖ ತಿರುಗಿಸಿ, ಮೊಳೆ ನೆಲ ನೋಡೋ ಹಂಗೆ ಮಾಡಿ, ಅದ್ರಾಗೆ ಸಿಂಬಲ್ಲು ನೇತಾಕ್ದ. ಈಗ ಒಂದೂವರೆ ಕೇಜಿ ಪೂರ್ತಿ ಆ ಒಂದು ನಟ್ಟಿನ ಮ್ಯಾಲೆ. ಅದೂ ಬಡಿದಾಗೆಲ್ಲ ಗಡಗಡ ನಡುಗೋ ಭಾರ.

ಶಿಡ್ಲಘಟ್ಟದ ಭಾವನೋರೇ, ನಿಮ್ಮನ್ನೇ ಕೇಳ್ತೀನಿ. ನಿಮ್ಮದು ರೇಷ್ಮೆ ನೂಲು ತೆಗೆಯೋ ಮನೆ. ಮಿಷನ್ನು ಅದುರಿ ಅದುರಿ ನಟ್ಟು ತಾನಾಗೇ ಬಿಚ್ಕೊಂತದೆ ಅಂತ ನಿಮಗೆ ಗೊತ್ತಿಲ್ವಾ? ವಾರಕ್ಕೊಂದು ದಿನ ಸ್ಪಾನರ್ ಹಿಡ್ಕೊಂಡು ಎಲ್ಲಾ ನಟ್ಟೂ ಮುಟ್ಟಿ ನೋಡಲ್ವಾ ನೀವು? ಆ ಬುದ್ಧೀನ ಆ ಹುಡುಗನಿಗೆ ಒಂದು ದಿನ ಯೋಳ್ಕೊಟ್ಟಿದ್ರೆ ಆಗ್ತಿತ್ತು. ಡ್ರಮ್ಮು ಮಾರು ಅನ್ನೋದು ಸುಲಭ, ಡಬಲ್ ನಟ್ಟು ಹಾಕು ಅನ್ನೋದು ಕಷ್ಟವಾಯ್ತಾ?

ಇನ್ನೊಂದು ವಿಷ್ಯ ಯೋಳ್ದ, ಅದು ಕೇಳಿ ನಂಗೆ ಹೊಟ್ಟೆ ಉರಿದೋಯ್ತು. ನಿಜವಾದ ವಿಂಗ್ ನಟ್ಟು ಹಿಂದಿನ ಪ್ರೋಗ್ರಾಮಲ್ಲೇ ಕಳ್ದೋಗಿತ್ತಂತೆ. ಅಳತೆ ಸರಿಯಿಲ್ಲದ ಬ್ಯಾರೆ ನಟ್ಟು ತಿರುಗಿಸಿ, ಮ್ಯಾಲೆ ಬೈಂಡಿಂಗ್ ವಯರ್ ಸುತ್ತಿದ್ದನಂತೆ. ಮೊಳೆಗೆ ಹಾಕೋ ಪ್ಲಾಸ್ಟಿಕ್ ಕೊಳವೆ ಸವೆದೋಗಿತ್ತು. ಅದಿಲ್ದಿದ್ರೆ ಮೊಳೆಯ ಮರೆ ಸಿಂಬಲ್ಲಿನ ತೂತನ್ನ ಅರದಂಗೆ ತಿಂತದೆ. ತೂತು ಗುಂಡಗಿರ್ಬೇಕು, ಅವನದು ಬೀಗದ ಕೈ ತೂತಿನ ಹಂಗೆ ಒಂದು ಕಡೆ ಎಳ್ಕೊಂಡಿತ್ತು. ಎರಡೂ ಕಡೆ ಮಡಗೋ ಫೆಲ್ಟು, ದಪ್ಪ ಕಂಬಳಿ ತುಂಡಿನಂಥದ್ದು, ಒಂದೇ ಉಳಿದಿತ್ತು. ಇದೆಲ್ಲ ಸೇರಿ ಎಷ್ಟು ದುಡ್ಡು? ನಮ್ಮ ಪೆಂಡಾಲಿನ ಒಂದು ಸೀರಿಯಲ್ ಸೆಟ್ಟಿನ ಕಾಸಿಗೆ ನಾಲ್ಕು ಸಿಂಬಲ್ಲಿಗೆ ಆಗೋಷ್ಟು ಸಾಮಾನು ಬರ್ತದೆ. ಲೈಟಿಗೆ, ಸೌಂಡಿಗೆ, ಹಾರಕ್ಕೆ, ಫ್ಲೆಕ್ಸಿಗೆ ಮನೆ ಮನೆ ಚಂದಾ ಎತ್ತಿದ್ವಿ. ಬಾರ್ಸೋ ಹುಡ್ಗನ ನಟ್ಟಿಗೆ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ನನ್ನನ್ನೂ ಸೇರಿಸ್ಕೊಂಡೇ ಬೈತಿದೀನಿ.

"ಅದೆಲ್ಲ ಗಂಡುಡುಗ್ರ ವಿಷ್ಯ, ನಮಗ್ಯಾಕೆ" ಅಂತೀರ ಅಲ್ವಾ? ಇದೇ ಮಾತು ನಂಗೆ ಸೇರಲ್ಲ. 1623ರಲ್ಲಿ ಇಸ್ತಾಂಬುಲ್‌ನಲ್ಲಿ ಶುರುವಾದ ಜಿಲ್ಜಿಯನ್ ಮನೆತನ ಇವತ್ತಿಗೂ ಸಿಂಬಲ್ ಮಾಡ್ತದೆ, ಈಗ ಅಮೆರಿಕದಾಗೆ. ಆ ಕಂಪನಿಯನ್ನ ಮುಂದೆ ನಿಂತು ನಡೆಸಿದೋರು ಕ್ರೇಗಿ ಜಿಲ್ಜಿಯನ್ ಅನ್ನೋ ಹೆಣ್ಣುಮಗಳು. ಅಷ್ಟು ದೂರ ಯಾಕೆ, ಒಳ್ಳೇ ಸಿಂಬಲ್ ಅಂದ್ರೆ ಏನು? ನೂರಕ್ಕೆ 80 ಪಾಲು ತಾಮ್ರ, 20 ಪಾಲು ತವರ. ನಮ್ಮ ದೇವರ ಮನೆ ಗಂಟೆ, ಜಾಗಟೆ ಇದಾವಲ್ಲ, ಅದೇ ಜಾತಿಯ ಕಂಚು. ಗಂಟೆ ಕೈಜಾರಿ ಬಿದ್ರೆ ಸೀಳ್ತದೆ ಅಂತ ನಮಗೆ ಯಾರೂ ಯೋಳ್ಕೊಡಬೇಕಾಗಿಲ್ಲ.

ನಮ್ಮ ತಾತ ಕೈವಾರದ ತಾತಯ್ಯನೋರ ಭಜನೆಗೆ ಓಗ್ತಿದ್ರು. ಅವರ ತಾಳದ ಜೋಡೀನ ಯಾರು ನೋಡ್ಕೊಂತಿದ್ರು ಗೊತ್ತಾ? ನಮ್ಮಜ್ಜಿ. ತಾಳದ ನಡು ತೂತಿನಾಗೆ ದಾರ ತೂರಿಸಿ ಒಳಗಡೆ ಗಂಟು ಹಾಕಿರ್ತದಲ್ಲ, ಆ ಗಂಟು ಸವೆದಿದೆಯಾ ಅಂತ ಹುಣ್ಣಿಮೆಗೊಂದಪ ಬೆಳಕಿಗೆ ಹಿಡಿದು ನೋಡೋರು. ದಾರ ನವೆದಿದ್ರೆ ಕಿತ್ತು ಹೊಸದು ಹಾಕಿ, ಎರಡು ಸಲ ಜಗ್ಗಿ ನೋಡಿ ಆಮೇಲೆ ತಾತನ ಕೈಗೆ ಕೊಡೋರು. ಬೆಕ್ಕಿಗೆ ಸಿಗ್ದಂಗೆ ಮೊಸರಿನ ಗಡಿಗೇನ ನೆಲುವಿನಾಗೆ ತೂಗಾಕ್ತಿದ್ದೋರೂ ಅವರೇ. ಕೆಳಗೆ ತೊಟ್ಟಿಲಿರೋ ಜಾಗದಾಗೆ ನೆಲುವು ಕಟ್ಟುತ್ತಿರಲಿಲ್ಲ. ಸಿಂಬಲ್ಲಿಗೆ ಬೇಕಾಗಿದ್ದೂ ಇಷ್ಟೇ ಬುದ್ಧಿ.

ನಮ್ಮ ಜಿಲ್ಲೆ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನೋರಿಗೆ 2023ರಲ್ಲಿ ತಮಟೆಗೆ ಪದ್ಮಶ್ರೀ ಬಂತು. ನಾವೆಲ್ಲ ವಾಟ್ಸಾಪಲ್ಲಿ ಫೋಟೋ ಹಾಕ್ಕೊಂಡು ಮೆರೆದಿದ್ದೇ ಮೆರೆದಿದ್ದು. ಸರಿ, ಮೆರೀಬೇಕಾದ್ದೇ. ತಮಟೆ ಬಾರಿಸೋರು ಬೆಂಕಿಗೆ ಕಾಯಿಸಿ, ಬೆರಳಾಗೆ ತಟ್ಟಿ, ಚರ್ಮ ಬಿಗಿ ಬಂತಾ ಅಂತ ನೋಡ್ದೆ ಹೆಗಲಿಗೆ ಹಾಕಲ್ಲ. ಆ ಪದ್ಧತಿ ನಮ್ಮ ಮನೆ ಹುಡ್ಗನಿಗೆ ಬ್ಯಾಡ್ವಾ?

ಈಗ ಮನೇಲಿ ಒಂದು ಕಟ್ಟಳೆ ಮಾಡಿದೀನಿ. ಆದಷ್ಟೂ ಮೊಳೆ ಮ್ಯಾಲಕ್ಕೇ ಇರ್ಬೇಕು, ಅದ್ರ ಮ್ಯಾಲೆ ಸಿಂಬಲ್ಲು ಬೋರಲು ಹಾಕ್ಲಿ. ಬೋರಲಾದಾಗ ಅದ್ರ ನಡುವಿನ ಉಬ್ಬು ಫೆಲ್ಟಿನ ಮ್ಯಾಲೆ ಕೂರ್ತದೆ, ಅದಕ್ಕೆ ಕೆಳಗಿನ ಫೆಲ್ಟು ದಪ್ಪಗಿರ್ಬೇಕು, ಕೊಳವೆ ತೂತು ದಾಟಿ ಮ್ಯಾಲಕ್ಕೆ ಬಂದಿರ್ಬೇಕು. ನೇತಾಕಲೇಬೇಕು ಅಂದ್ರೆ ಅಳತೆಯ ನಟ್ಟು, ಅದ್ರ ಹಿಂದೆ ಇನ್ನೊಂದು ನಟ್ಟು, ಒಂದಕ್ಕೊಂದು ಬಿಗಿಯಾಗ್ಬೇಕು. ಇಲ್ಲಾಂದ್ರೆ ಒಳಗೆ ನೈಲಾನ್ ಇರೋ ಲಾಕ್ ನಟ್ಟು. ಬಿಗಿ ಮಾಡೋದು ನಟ್ಟಿಗೆ ನಟ್ಟು, ಸಿಂಬಲ್ಲಿಗಲ್ಲ. ಅದನ್ನ ಹಿಸುಕಿದ್ರೆ ತೂಗಾಡಕ್ಕೆ ಆಗ್ದೆ ಸೀಳ್ತದೆ. ರ‍್ಯಾಕಿನ ಕಾಲು ಸಿಂಬಲ್ಲು ಚಾಚಿರೋ ಕಡೆಗೇ ಇರ್ಬೇಕು, ಇಲ್ಲಾಂದ್ರೆ ರ‍್ಯಾಕೇ ಮುಗ್ಗರಿಸ್ತದೆ. ಎರಡು ಹಾಡಿಗೊಂದಪ ಕೈಲಿ ಮುಟ್ಟಿ ನೋಡ್ಬೇಕು. ವಯರು, ಸುತ್ಲಿ, ಟೇಪು ಯಾವ್ದೂ ನಟ್ಟಿನ ಜಾಗಕ್ಕೆ ಬರಂಗಿಲ್ಲ. ಮಕ್ಕಳ ಚಾಪೆ ಸ್ಟೇಜಿಂದ ಎರಡು ಮಾರು ಹಿಂದಕ್ಕೆ.

ಮಗೀನ ಕಾಲು ವಾಸಿಯಾಯ್ತು, ಗಾಯದ ಗೆರೆ ಉಳಿದದೆ. ಅಣ್ಣ ಬಾರಿಸೋದು ನೋಡಕ್ಕೆ ಈ ವರ್ಸವೂ ಬರ್ತೀನಿ ಅಂತ ಈಗಿಂದ್ಲೇ ಹಟ. ಅವ್ನು ಡ್ರಮ್ಮು ಮಾರಿಲ್ಲ, ಮಾರಕ್ಕೆ ನಾನು ಬಿಡೂ ಇಲ್ಲ. ಹಬ್ಬದ ದಿನ ಸ್ಟೇಜು ಹತ್ತಿ ಮೊದ್ಲು ನಟ್ಟು ಅಲ್ಲಾಡಿಸಿ ನೋಡೋಳು ನಾನೇ. ಸೀರೆ ಉಟ್ಕೊಂಡು ಅಲ್ಲಿ ನಿಂತು ಏನ್ ಮಾಡ್ತಾಳೆ ಅಂತ ನಗೋರು ನಗ್ಲಿ. ಬೈಯ್ಯೋರು ಚಿಂತಾಮಣಿಗೇ ಬಂದು ಎದುರಿಗೆ ಬೈಯ್ಲಿ, ಕಾಫಿ ಕೊಟ್ಟು ಕೇಳಿಸ್ಕೊಂತೀನಿ. ಬರ್ತಾ ನಿಮ್ಮೂರ ಅಂಗಡೀಲಿ ಸಿಕ್ಕಿದ್ರೆ ನಾಲ್ಕು ಲಾಕ್ ನಟ್ಟು ತಗೊಂಡ್ಬನ್ನಿ. ಅಳತೆಗೆ ಹಳೇ ನಟ್ಟು ಕಳಿಸ್ತೀನಿ.